ಅಮ್ಮನ ಮರದ ಎಲೆ

ನಮ್ಮ ಪ್ರಯೋಗಾಲಯದಲ್ಲಿ ಅವಳಿಗೆ ‘ಮೂರುಸಲ’ ಎಂದು ಅಡ್ಡಹೆಸರು. ಇಟ್ಟವಳು ನಾನೇ, ಅವಳ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವವಳು. ಈಗ ನಾಚಿಕೆಯಾಗುತ್ತದೆ.

ಕೋಕೋ ಮರದ ಎಲೆ ಅರೆದು, ಅದರಲ್ಲಿ ವೈರಸ್ಸಿನ ವಂಶವಾಹಿ ಇದೆಯೇ ಎಂದು ನೋಡುವುದು ನಮ್ಮ ಕೆಲಸ. ಇದ್ದರೆ ಪರೀಕ್ಷೆಯ ಕೊನೆಗೆ ತೆಗೆಯುವ ಚಿತ್ರದಲ್ಲಿ ಒಂದು ಬಿಳಿ ಗೆರೆ ಮೂಡುತ್ತದೆ. ಗೆರೆ ಬಂದ ಮರಕ್ಕೆ ಔಷಧವಿಲ್ಲ, ಕೊಡಲಿಯೇ ಗತಿ. ಪ್ರತಿ ಪರೀಕ್ಷೆಯಲ್ಲೂ ರೋಗವಿಲ್ಲದ ಮರದ ಎಲೆಯೊಂದನ್ನು ಜೊತೆಗಿಡಬೇಕು. ಅದರಲ್ಲೂ ಗೆರೆ ಬಂದರೆ ನಮ್ಮ ಕೈಯಲ್ಲೇ ಎಡವಟ್ಟಾಗಿದೆ ಎಂದರ್ಥ. ಹನ್ನೊಂದು ವರ್ಷದಿಂದ ಆ ಎಲೆಯನ್ನು ಅವಳು ಅಮ್ಮನ ಹಿತ್ತಲಿನಿಂದ ತರುತ್ತಿದ್ದಳು. ಅವಳು ಹುಟ್ಟಿದ ವರ್ಷ ಅಪ್ಪ ನೆಟ್ಟ ಮರ ಅದು. ಅಪ್ಪ ಹೋದರೂ ಮರ ಗುಂಡುಕಲ್ಲಿನ ಹಾಗೆ ನಿಂತಿತ್ತು.

ಹೊಸ ಬಗೆಯ ವೈರಸ್ಸನ್ನೂ ಹಿಡಿಯುವ ಪರೀಕ್ಷೆ ಬಂದ ದಿನ ಅಮ್ಮನ ಮರದ ಎಲೆಯಲ್ಲಿ ಗೆರೆ ಮೂಡಿತು. ಕೈ ತಪ್ಪಿರಬೇಕೆಂದು ಬೇರೆ ಎಲೆ ಕಿತ್ತು ತಂದು ಮತ್ತೆ ಮಾಡಿದಳು. ಗೆರೆ. ಮೂರನೇ ಸಲವೂ ಗೆರೆ. ಆ ವಾರ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತೊಳೆದ ಗಾಜಿನ ಸಾಮಾನನ್ನೇ ಮತ್ತೆ ತೊಳೆದಳು, ಫ್ರಿಜ್ಜಿನ ಬಾಗಿಲು ತೆಗೆದು ಏನು ಬೇಕಿತ್ತೆಂದೇ ಮರೆತಳು. ಬೇರೆ ಮರದ ಎಲೆ ತಂದಿಟ್ಟು ತೆಪ್ಪಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೇ ಮಾಡು ಎಂದು ನಾನೂ ಪಿಸುಗುಟ್ಟಿದೆ.

ಭಾನುವಾರ ತಡೆಯಲಾರದೆ ಅಮ್ಮನ ಮುಂದೆ ಬಾಯಿಬಿಟ್ಟಳು. ಮೂರು ಸಲ ನೋಡಿದೆ, ಮೂರು ಸಲವೂ ಬಂತು ಎಂದಳು. ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಕೇಳಿದರಂತೆ.

“ಬೇರೆಯವ್ರ ಮರದ್ದೂ ಮೂರು ಸಲ ನೋಡ್ತೀಯೇನೇ?”

“ಇಲ್ಲಮ್ಮ. ಒಂದೇ ಸಲ.”

ಸೋಮವಾರ ಬಂದವಳೇ ಕಡಿಯುವ ಪಟ್ಟಿಗೆ ಅಮ್ಮನ ಮರವನ್ನು ತಾನೇ ಸೇರಿಸಿದಳು. ಆಮೇಲೆ, ಹಿಂದಿನ ತಿಂಗಳು ಗೆರೆ ಬಂದಿದ್ದ ಹದಿನಾಲ್ಕು ಮರಗಳ ಎಲೆಗಳನ್ನು, ಒಂದೊಂದನ್ನೂ ಮೂರು ಸಲ ನೋಡಲೆಂದು, ಫ್ರಿಜ್ಜಿನಿಂದ ಹೊರತೆಗೆದಳು. ಮುಗಿದ ಕೆಲಸಕ್ಕೆ ಮತ್ತೆ ಯಾಕೆ ಕೈಹಾಕುತ್ತೀ ಎಂದು ಮೇಲಿನವರು ಗೊಣಗಿದರು. ನಾನು ನಕ್ಕು ಹೆಸರಿಟ್ಟಿದ್ದು ಆಗಲೇ. ಅವಳು ಯಾರ ಮಾತಿಗೂ ಕಿವಿಗೊಡದೆ, ಊಟಕ್ಕೂ ಸರಿಯಾಗಿ ಏಳದೆ ಮೂರು ದಿನ ಅರೆದಳು.

ಹದಿಮೂರು ಮರಗಳ ಎಲೆಯಲ್ಲಿ ಗೆರೆ ಮತ್ತೆ ಬಂತು. ಹದಿನಾಲ್ಕನೆಯದರಲ್ಲಿ ಮೂರು ಸಲವೂ ಬರಲಿಲ್ಲ. ಆ ಮರದ ಯಜಮಾನರಿಗೆ ಅವಳೇ ಫೋನ್ ಮಾಡಿ, ನಿಮ್ಮ ಮರಕ್ಕೆ ಏನೂ ಆಗಿಲ್ಲ ಎಂದಳು.

“ಅದನ್ನ ಹೋದ ಗುರುವಾರವೇ ಕಡಿದು ಹಾಕಿದ್ರಲ್ಲಮ್ಮ” ಎಂದರು ಅವರು.