ತಂಗಿಯ ಹಲಗೆಗೆ ಎಣ್ಣೆ

ಅಡುಗೆಮನೆಯ ಮರಕ್ಕೆ ವಾರ್ನಿಷ್ ಎಂದರೆ ಮರಗೆಲಸದ ಮೇಸ್ತ್ರಿಗೆ ಮೈಯೆಲ್ಲ ಉರಿ. ಬಾಗಿಲಿಗೆ, ಮಂಚಕ್ಕೆ ಎಷ್ಟು ಬೇಕಾದರೂ ಬಳಿದುಕೊಟ್ಟಾರು, ಅಲ್ಲಿಗೆ ಮಾತ್ರ ಸುತರಾಂ ಒಪ್ಪರು. "ಚಾಕು ತಾಗಿದ್ರೆ ಚಕ್ಕೆ ಏಳುತ್ತೆ. ಅದೂ ತರಕಾರಿ ಜೊತೆ ಹೊಟ್ಟೆಗೆ ಹೋಗ್ಲಿ ಅಂತೀರಾ?" ಎಂದು ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದರು. ನಲವತ್ತು ವರ್ಷ ಮರದ ಜೊತೆ ಗುದ್ದಾಡಿದವರ ಎದುರು ವಾದಿಸುವ ಧೈರ್ಯ ಯಾರಿಗಿತ್ತು?

ಅವರ ತಂಗಿ ಹೊಸ ಅಡುಗೆಮನೆ ಮಾಡಿಸಿದಾಗ, ತರಕಾರಿ ಹೆಚ್ಚುವ ಕಟ್ಟೆಗೆ ದಪ್ಪ ಹಲಗೆಯೊಂದನ್ನು ಅವರೇ ಕೂರಿಸಿಕೊಟ್ಟರು. ವಾರ್ನಿಷ್ ಬೇಡವೆಂದ ಮೇಲೆ, ಮರ ನೀರು ಕುಡಿಯದಂತೆ ಯಾವ ಎಣ್ಣೆ ಹಚ್ಚುವುದು ಎಂಬ ಪ್ರಶ್ನೆ ಬಂತು. ಅಪ್ಪಟ ಅಗಸೆ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಅಂಗಡಿಯಲ್ಲಿ ಸಿಗುವ, ಬೇಗ ಒಣಗುವ ಎಣ್ಣೆಗೆ ಏನೇನೋ ರಾಸಾಯನಿಕ ಬೆರೆಸಿರುತ್ತಾರೆ. ತಂಗಿಗೋ ಅವಸರ. ದಿನಾ ಹೊಟ್ಟೆಗೆ ಹಾಕಿಕೊಳ್ಳುವ ಎಣ್ಣೆಯೇ ಇರುವಾಗ ಇಷ್ಟೆಲ್ಲ ರಗಳೆ ಯಾಕೆ ಎಂದುಕೊಂಡ ಮೇಸ್ತ್ರಿ, ಅವಳದೇ ಡಬ್ಬಿಯಿಂದ ಅಡುಗೆ ಎಣ್ಣೆ ಬಗ್ಗಿಸಿಕೊಂಡು ಮೂರು ಸಲ ಉಜ್ಜಿದರು. ಹಲಗೆ ಜೇನಿನ ಬಣ್ಣಕ್ಕೆ ತಿರುಗಿತು. ತಮ್ಮ ಬೆನ್ನು ತಾವೇ ತಟ್ಟಿಕೊಂಡು ಮನೆಗೆ ಹೋದರು.

ಎರಡು ತಿಂಗಳ ಮೇಲೆ ಊಟಕ್ಕೆ ಹೋದರೆ, ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿತ್ತು.

"ಯಾಕಮ್ಮಾ, ನನ್ನ ಕೆಲಸ ಮುಚ್ಚಿಡೋ ಹಾಗಾಯ್ತಾ?"

"ಹಾಗೇನಿಲ್ಲ ಅಣ್ಣ, ಕಲೆ ಆಗದಿರ್ಲಿ ಅಂತ..." ತಂಗಿ ತಡವರಿಸಿದಳು.

ಹಾಳೆ ಎತ್ತಿ ಬೆರಳಾಡಿಸಿದರು. ಅಂಟಂಟು. ಎಣ್ಣೆ ಒಣಗಿಯೇ ಇರಲಿಲ್ಲ, ಮರದೊಳಗೇ ಕೂತು ಕೆಟ್ಟಿತ್ತು. ಬಗ್ಗಿ ಮೂಸಿದರು. ಮೂಗನ್ನು ಹಲಗೆಗೇ ಒತ್ತಿ ಮತ್ತೆ ಮೂಸಿದರು.

"ವಾಸನೆ ಏನೂ ಇಲ್ವಲ್ಲೇ!"

"ಇದೆ ಅಣ್ಣ. ಕಮಟು. ಬಾಗಿಲಲ್ಲೇ ಮೂಗಿಗೆ ಬಡಿಯುತ್ತೆ." ತಂಗಿ ತಲೆ ತಗ್ಗಿಸಿದಳು. "ನಿನಗೆ ವಾಸನೆ ತಿಳಿಯಲ್ಲ ಅಂತ ನನಗೆ ಗೊತ್ತು. ಹೋದ ವರ್ಷ ನಿನ್ನ ಪಕ್ಕದಲ್ಲೇ ಹಾಲು ಸೀದು ಕರಕಲಾದ್ರೂ ಪೇಪರ್ ಓದ್ತಾ ಕೂತಿದ್ದೆ."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೊಂದ್ಕೋತೀಯ ಅಂತ."

ಪಾಲಿಶು, ಥಿನ್ನರುಗಳ ನಡುವೆ ಮೂಗು ಯಾವಾಗ ಕೈಕೊಟ್ಟಿತೋ ಅವರಿಗೇ ತಿಳಿದಿರಲಿಲ್ಲ. ಆದರೆ ಮೂಗು ಹೋದದ್ದಕ್ಕಿಂತ, ಇನ್ನೆಷ್ಟು ಜನ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು 'ಚೆನ್ನಾಗಿದೆ' ಅಂದಿರಬಹುದು ಎಂಬ ಯೋಚನೆ ಅವರನ್ನು ಹಣ್ಣು ಮಾಡಿತು. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಬಿಸಿನೀರು, ಸೋಡಾ ಹಾಕಿ ಹಲಗೆ ತೊಳೆದರು. ಒಣಗಿದ ಮೇಲೆ ತೋಪಡದಿಂದ ಮೇಲ್ಪದರ ಹೆರೆದು, ಉಪ್ಪುಕಾಗದ ತಿಕ್ಕಿ, ಅಪ್ಪಟ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಿದರು.

"ಮೂರು ವಾರ ಇದರ ಮೇಲೆ ಏನೂ ಇಡ್ಬೇಡ. ಒಣಗಿದ್ದು ನನ್ನ ಬೆರಳಿಗೆ ಗೊತ್ತಾಗುತ್ತೆ. ಕಮಟು ಹೋಯ್ತೋ ಇಲ್ವೋ ನೀನೇ ಹೇಳ್ಬೇಕು. ನನ್ನ ಮುಖ ನೋಡಿ ಹೇಳ್ಬೇಡ, ಹಲಗೆ ಮೂಸಿ ಹೇಳು."

ಮೂರು ವಾರ ಕಳೆದವು. ಹಲಗೆ ಗಟ್ಟಿಯಾಗಿ, ನುಣ್ಣಗೆ, ನೋಡಲು ಕಣ್ಣಿಗೆ ಹಬ್ಬವಾಗಿತ್ತು. ತಂಗಿ ಬಗ್ಗಿ ಮೂಸಿದಳು. ಆ ತುದಿಯಿಂದ ಈ ತುದಿಯವರೆಗೆ, ನಿಧಾನವಾಗಿ. ಒಮ್ಮೆ ಅಣ್ಣನ ಮುಖ ನೋಡಿದಳು. ಮತ್ತೆ ಬಗ್ಗಿದಳು.

"ಮೂಲೇಲಿ ಇನ್ನೂ ಸ್ವಲ್ಪ ಇದೆ ಅಣ್ಣ."

ಮೇಸ್ತ್ರಿ ಚೀಲದಿಂದ ತೋಪಡ ತೆಗೆದರು.

"ಯಾವ ಮೂಲೆ? ಬೆರಳಿಟ್ಟು ತೋರ್ಸು."