ಗುರುವಾರದ ಬಣ್ಣ

ನನ್ನ ಪಬ್ಬಿನ ಜಗಲಿಯಲ್ಲಿ ಈಗ ಮರದ ಹಲಗೆಗಿಂತ ಬಣ್ಣವೇ ದಪ್ಪ. ಹಸಿರಿನ ಮೇಲೆ ಕೆನೆ, ಕೆನೆಯ ಮೇಲೆ ಕಂದು, ಅದರ ಮೇಲೆ ಯಾರೋ ದೋಣಿಗೆಂದು ತರಿಸಿ ಬಿಟ್ಟುಹೋದ ನೀಲಿ. ಸಮುದ್ರ ನೋಡಬೇಕಾದರೆ ಇಡೀ ದಿನ ಕಾರು ಓಡಿಸಬೇಕಾದ ನಮ್ಮೂರು ಬುಲ್ಲರೂನಲ್ಲಿ ದೋಣಿಯ ಬಣ್ಣ ಹೇಗೆ ಬಂತೆಂದು ನನ್ನನ್ನು ಕೇಳಬೇಡಿ. ಇಷ್ಟೆಲ್ಲ ಬಳಿದದ್ದು ನನ್ನ ತಮ್ಮ ಮರ್ವ್‌ಗಾಗಿ.

ಮರ್ವ್ ಗಾಳಿಯಂತ್ರ ರಿಪೇರಿ ಮಾಡುವವನು. ಸುತ್ತಲಿನ ಕುರಿ ಫಾರಂಗಳಲ್ಲಿ ನೀರೆತ್ತುವ ಯಂತ್ರ ನಿಂತರೆ ಇವನಿಗೇ ಕರೆ. ಹತ್ತುವಾಗ ಹಾಡು, ಇಳಿಯುವಾಗ ಬೈಗುಳ. ಅಂಥ ತಮಾಷೆಯ ಮನುಷ್ಯ ಈ ಕಡೆ ಇನ್ನೊಬ್ಬನಿಲ್ಲ. ಕುಡಿಯುವುದರಲ್ಲೂ ಇನ್ನೊಬ್ಬನಿರಲಿಲ್ಲ. ಪಬ್ಬಿನ ಒಡತಿಯ ತಮ್ಮನೇ ಊರಿಗೆ ದೊಡ್ಡ ಕುಡುಕ. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದು. ನಾನು ಅವನಿಗೆ ಹಾಕಿಕೊಡುವುದನ್ನು ನಿಲ್ಲಿಸಿದೆ. ಅವನು ತನ್ನ ಶೆಡ್ಡಿನಲ್ಲಿ ಕೂತು ಕುಡಿದ. ಕಳೆದ ಚಳಿಗಾಲ ಕುಡಿದೇ ಯಂತ್ರ ಹತ್ತಿ ಕೆಳಗೆ ಬಿದ್ದ. ಮುರಿದ ಹೆಗಲು ಕೂಡಿಕೊಂಡಿತು. ಆದರೆ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಹೀಗೇ ಕುಡಿದ್ರೆ ಮುಂದಿನ ಚಳಿಗಾಲಕ್ಕೆ ನೀನಿರಲ್ಲ" ಎಂದು ಮುಖಕ್ಕೇ ಹೇಳಿಬಿಟ್ಟರು.

ಕುಡಿತ ಬಿಡುವವರ ಕೂಟ ನಮ್ಮೂರಿನಲ್ಲೇ ಇತ್ತು. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದ ಡಲ್ಸಿ ಹಾರ್ಟಿಗನ್ ತಾನು ಕುಡಿದದ್ದನ್ನೂ ಬಿಟ್ಟದ್ದನ್ನೂ ಯಾರಿಂದಲೂ ಮುಚ್ಚಿಟ್ಟವಳಲ್ಲ. ಅವಳು ಪ್ರತಿ ಗುರುವಾರ ಸಂಜೆ, ಊರವರು ಸಭೆ ಸೇರುವ ಹಾಲ್‌ನ ಬಾಗಿಲು ತೆರೆದು, ಚಹಾಕ್ಕೆ ನೀರಿಟ್ಟು, ಕುರ್ಚಿಗಳನ್ನು ದುಂಡಗೆ ಹಾಕಿ ಒಬ್ಬಳೇ ಕೂರುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ಹೇಗೆ ಬಂದಾರು? ಹಾಲ್ ಇರುವುದು ನನ್ನ ಜಗಲಿಯ ಎದುರಿಗೇ. ಬೇಸಿಗೆಯಲ್ಲಿ ಸಂಜೆ ಏಳಕ್ಕೂ ಬಿಸಿಲು, ಜಗಲಿ ತುಂಬ ಬಿಯರು ಹಿಡಿದ ಗಂಡಸರು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು.

ಮೊದಲ ಗುರುವಾರ ಮರ್ವ್ ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ ರಸ್ತೆಗಿಳಿದ. ಕುರಿ ಉಣ್ಣೆ ಕತ್ತರಿಸುವ ಬ್ಲೂಯಿ ಜಗಲಿಯಿಂದಲೇ ಕೂಗಿದ: "ಏನೋ ಮರ್ವ್, ಹೆಣ್ಣು ನೋಡೋಕೆ ಹೊರಟ್ಯಾ? ಡಲ್ಸಿಗೆ ಎಪ್ಪತ್ತಾಯ್ತಲ್ಲೋ!"

ಎಲ್ಲರೂ ನಕ್ಕರು. ಮರ್ವ್ ಕೂಡ ನಕ್ಕ. ಹಾಗೇ ತಿರುಗಿ ಗಾಡಿ ಹತ್ತಿ ಮನೆಗೆ ಹೋಗಿ ಬಾಟಲಿ ತೆಗೆದ. ಆಕಾಶದೆತ್ತರದ ಏಣಿ ಹತ್ತುವವನಿಗೆ ಒಂದು ರಸ್ತೆ ದಾಟಲಾಗಲಿಲ್ಲ. ನನಗೆ ಬಂದ ಸಿಟ್ಟಿಗೆ ಬ್ಲೂಯಿಯ ತಲೆಗೇ ಬಣ್ಣದ ಡಬ್ಬಿ ಸುರಿಯಬೇಕೆನಿಸಿತು. ಉಪಾಯ ಹೊಳೆದದ್ದೇ ಆಗ.

ಮುಂದಿನ ಗುರುವಾರ ಮಧ್ಯಾಹ್ನ ಇಡೀ ಜಗಲಿಗೆ ಹಸಿರು ಬಳಿದೆ. "ಬಣ್ಣ ಹಸಿ ಇದೆ. ಎಲ್ಲಾರೂ ಹಿತ್ತಿಲಿಗೆ ನಡೀರಿ!"

"ಈ ಬಿಸಿಲಲ್ಲಿ ಹಿತ್ತಿಲಾ? ನಿಂಗೆ ತಲೆ ಕೆಟ್ಟಿದ್ಯಾ ಲೋರ್ನಾ?"

"ಬೂಟಿನ ಗುರುತು ಬಿತ್ತೋ, ನಾಲಿಗೇಲಿ ಒರೆಸಬೇಕಾಗುತ್ತೆ."

ಗೊಣಗುತ್ತಾ ಹೋದರು. ಅಡುಗೆಮನೆಯ ಬಾಗಿಲಿಗೆ ಮರ್ವ್ ಬಂದ, ಜೊತೆಗೆ ಅವನ ನಾಯಿ ಟಿಪ್. ಆ ನಾಯಿ ಎಲ್ಲಿ ಮಲಗಿದೆಯೋ ಅಲ್ಲಿ ಮರ್ವ್ ಇದ್ದಾನೆಂದು ಊರಿಗೆಲ್ಲ ಗೊತ್ತು. ನನ್ನ ಮುಖ ನೋಡದೆ, "ಈ ನಾಯೀನ ಸ್ವಲ್ಪ ನೋಡ್ಕೊ" ಅಂದ. ನಾನು ಟಿಪ್‌ನ ಹಗ್ಗ ಹಿಡಿದುಕೊಂಡೆ. ಅವನು ರಸ್ತೆ ದಾಟಿ ಹಾಲ್ ಒಳಗೆ ಹೋಗುವವರೆಗೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ.

ಅವನು ತಿರುಗಿ ಬಂದಾಗ ಅತ್ತು ಕಣ್ಣು ಕೆಂಪಾಗಿತ್ತು.

"ಏನು ಮಾತಾಡಿದ್ರಿ?"

"ಅಲ್ಲಿ ಆಡಿದ್ದನ್ನ ಅಲ್ಲೇ ಬಿಡ್ಬೇಕು ಕಣೇ. ಬೇಕಾದ್ರೆ ಡಲ್ಸಿ ಕೇಕಿನ ಬಗ್ಗೆ ಹೇಳ್ತೀನಿ. ಶುದ್ಧ ಕಲ್ಲು."

ಆ ಕಲ್ಲು ತಿನ್ನಲು ಅವನು ಪ್ರತಿ ವಾರ ಹೋದ, ನಾನು ಪ್ರತಿ ವಾರ ಬಣ್ಣ ಬಳಿದೆ. ಬ್ರಷ್ಷಿನ ಕೂದಲು ಉದುರಿತು, ನನ್ನ ಸೊಂಟ ಹಿಡಿಯಿತು. ಮರ್ವ್‌ನ ಕೈ ನಡುಗುವುದು ನಿಂತಿತು. ಒಂದು ಬೆಳಿಗ್ಗೆ ದೂರದ ಯಂತ್ರದ ಮೇಲಿಂದ ಅವನ ಹಾಡು ಕೇಳಿ ನಾನು ಗಾಡಿ ನಿಲ್ಲಿಸಿ ಅತ್ತುಬಿಟ್ಟೆ.

ಆಮೇಲೆ ನೆರೆ ಬಂತು. ರಸ್ತೆ ಮುಚ್ಚಿತು, ಸಾಮಾನಿನ ಲಾರಿ ಬರಲಿಲ್ಲ. ಗುರುವಾರ ಬಂದರೂ ಊರಲ್ಲೆಲ್ಲೂ ಒಂದು ಡಬ್ಬಿ ಬಣ್ಣ ಸಿಗಲಿಲ್ಲ. ಒಣಗಿದ ಜಗಲಿಯ ಮೇಲೆ ಗಂಡಸರೆಲ್ಲ ಕೂತಿದ್ದರು. ಮರ್ವ್ ಬರುವ ಹೊತ್ತಾಯಿತು. ಏನು ಸುಳ್ಳು ಹೇಳಲಿ ಎಂದು ಬಾಗಿಲಲ್ಲಿ ಕೈ ಹಿಸುಕುತ್ತಾ ನಿಂತೆ. ಬ್ಲೂಯಿ ನನ್ನನ್ನೊಮ್ಮೆ ನೋಡಿದ, ಎದ್ದ, ಕುರ್ಚಿ ಎತ್ತಿಕೊಂಡ.

"ಏಳ್ರೋ. ಬಣ್ಣ ಹಸಿ ಇದೆ, ಕಾಣ್ಸಲ್ವಾ?"

ಒಬ್ಬನೂ ನಗಲಿಲ್ಲ. ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ಹಿತ್ತಿಲಿಗೆ ನಡೆದರು. ನಾನು ಪೀಪಾಯಿಗಳಿರುವ ತಣ್ಣನೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಇವರನ್ನು ವರ್ಷಗಟ್ಟಲೆ ಬೈದಿದ್ದೇನೆ, ಇನ್ನೂ ಬೈಯುತ್ತೇನೆ. ಆದರೆ ಆ ಸಂಜೆಯ ಋಣ ನನ್ನಿಂದ ತೀರದು. ಅಂದಿನಿಂದ ನಾನು ಬ್ರಷ್ಷು ಮುಟ್ಟಿಲ್ಲ. ಗುರುವಾರ ಬಂತೆಂದರೆ ಕುರ್ಚಿಗಳು ತಾವಾಗಿ ಹಿತ್ತಿಲಿಗೆ ಹೋಗುತ್ತವೆ.

ಡಾಕ್ಟರು ಹೇಳಿದ ಚಳಿಗಾಲ ಬಂತು. ಮರ್ವ್ ಇದ್ದ. ಡಲ್ಸಿ ಸೊಂಟದ ಆಪರೇಷನ್ನಿಗೆಂದು ಸಿಟಿಗೆ ಹೋಗುವಾಗ ಹಾಲ್‌ನ ಬೀಗದ ಕೈ ಅವನ ಅಂಗೈಗೆ ಹಾಕಿ, "ಯಾರೂ ಬರದಿದ್ರೂ ಕೂತಿರು" ಅಂದಿದ್ದಳು. ಈ ಗುರುವಾರ ಅವನು ನಾಯಿಯನ್ನು ನನ್ನಲ್ಲಿ ಬಿಟ್ಟು, ಚಹಾಕ್ಕೆ ನೀರಿಟ್ಟು, ಖಾಲಿ ಕುರ್ಚಿಗಳ ಮಧ್ಯೆ ಒಬ್ಬನೇ ಕೂತಿದ್ದ. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಆಗ ಅಡುಗೆಮನೆಯ ಬಾಗಿಲಲ್ಲಿ ಸದ್ದಾಯಿತು. ಬ್ಲೂಯಿ ನಿಂತಿದ್ದ. ಕೆಂಗೂದಲು ಒದ್ದೆ ಮಾಡಿ ಬಾಚಿದ್ದ, ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಅವನ ನಾಯಿಯ ಹಗ್ಗ.

"ಲೋರ್ನಾ," ಅಂದ, ನೆಲ ನೋಡುತ್ತಾ, "ಈ ನಾಯೀನ ಸ್ವಲ್ಪ ನೋಡ್ಕೊ."

ಹಗ್ಗ ತೆಗೆದುಕೊಂಡು ಅವನ ನಾಯಿಯನ್ನು ಟಿಪ್ ಪಕ್ಕದಲ್ಲಿ ಕಟ್ಟಿದೆ. ಆಮೇಲೆ ಹಿತ್ತಿಲ ಬಾಗಿಲಿಗೆ ಹೋಗಿ ಗಂಟಲು ಹರಿಯುವಂತೆ ಕೂಗಿದೆ: "ಯಾರೂ ಮುಂದೆ ಬರಬೇಡ್ರೋ, ಬಣ್ಣ ಹಸಿ ಇದೆ!"