ಆಯುಧಪೂಜೆಯ ದಿನ ಅಳಿಸಿಹೋದ ಸಾಲು

ನಮ್ಮ ಬಿಂದು ಪ್ರೋಗ್ರಾಂ ಬರೆದು ಮಾಡಿದ ವಿಂಡೋ ಇವತ್ತು ಕಂಪ್ಯೂಟರಿನ ಪರದೆಯ ಮೇಲೆ ಮೂಡಿತು, ಮೂಡಿ ನಿಂತೇಬಿಟ್ಟಿತು! ಮೊಮ್ಮಗಳು ಗೆದ್ದಳೆಂದು ದಟ್ಟಗಳ್ಳಿಯ ಬೀದಿಗೆಲ್ಲ ಕೂಗಿ ಹೇಳಬೇಕು ಅನ್ನಿಸುತ್ತಿದೆ. ಆದರೆ ಹೋದ ವರ್ಷ ಅದನ್ನು ಕೆಡಿಸಿದವಳು ನಾನು—ಅವಳ ಅಜ್ಜಿ.

ಆಯುಧಪೂಜೆಯ ಬೆಳಿಗ್ಗೆ ಮಗನ ಸ್ಕೂಟರು, ಸೊಸೆಯ ಹೊಲಿಗೆ ಯಂತ್ರ, ಈಳಿಗೆಮಣೆ, ಎಲ್ಲಕ್ಕೂ ವಿಭೂತಿ ಕುಂಕುಮ ಇಟ್ಟಿದ್ದೆ. ಬಿಂದುವಿನ ಲ್ಯಾಪ್‌ಟಾಪು ಮೇಜಿನ ಮೇಲೆ ತೆರೆದೇ ಇತ್ತು. "ಅದನ್ನ ಮಾತ್ರ ಮುಟ್ಬೇಡ ಕಣಜ್ಜಿ, ನಾನೇ ಇಡ್ತೀನಿ" ಎಂದು ಹೇಳಿಯೇ ಅವಳು ಸ್ನಾನಕ್ಕೆ ಹೋಗಿದ್ದಳು. ಓದಿನ ಸಾಮಾನಿಗೆ ಪೂಜೆ ತಪ್ಪಬಾರದೆಂದು—ಅಲ್ಲ, ನನ್ನ ಕೈ ಸುಮ್ಮನಿರಲಿಲ್ಲ. ಕುಂಕುಮ ಉದುರಿತು. ಸೆರಗಿನಿಂದ ಒತ್ತಿ ಒರೆಸಿದೆ. ಮೂಲೆಯ ಯಾವುದೋ ಗುಂಡಿ ಒತ್ತಿಕೊಂಡು, ಬರೆದಿದ್ದರಲ್ಲಿ ಕಟ್ಟಕಡೆಯ ಸಾಲು ನನ್ನ ಕಣ್ಣೆದುರೇ ಒಂದೊಂದೇ ಅಕ್ಷರವಾಗಿ ಅಳಿಸಿಹೋಯಿತು. ಮೂರನೇ ಕ್ಲಾಸು ಓದಿದವಳಿಗೆ ಅದೇನು ಸಾಲೋ ತಿಳಿಯದು. ಹೋದದ್ದು ಮಾತ್ರ ಕಂಡಿತು. ಕೈ ಒರೆಸಿಕೊಂಡು ಅಡುಗೆಮನೆಗೆ ನಡೆದೆ.

ಮಾರನೆಯ ದಿನ ವಿಂಡೋ ಬರಲೇ ಇಲ್ಲ. ತಪ್ಪೆಲ್ಲಿದೆ ಎಂದು ಯಂತ್ರವೂ ಬಾಯಿ ಬಿಡಲಿಲ್ಲ—ನನ್ನ ಹಾಗೆಯೇ. ಮಗು ಅಳತೆ ಬದಲಿಸಿತು, ಬಣ್ಣ ಬದಲಿಸಿತು, ಬಟನ್ನುಗಳನ್ನೆಲ್ಲ ತೆಗೆದು ಮತ್ತೆ ಇಟ್ಟಿತು...

"ಮೊನ್ನೆ ಬರ್ತಿತ್ತು ಕಣಪ್ಪ" ಎಂದು ಅತ್ತಳು.

"ನೀನೇ ಏನೋ ಮಾಡ್ಬುಟ್ಟಿರ್ತೀಯ, ಸರಿಯಾಗಿ ನೋಡು" ಎಂದ ನನ್ನ ಮಗ.

ನಾನು ಅಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದೆ. ಕೊನೆಗೆ "ನನ್ ತಲೆಗೆ ಇದು ಹತ್ತಲ್ಲ" ಎಂದು ಮುಚ್ಚಿಟ್ಟವಳು ವರ್ಷವಿಡೀ ಅದರ ಗೊಡವೆಗೇ ಹೋಗಲಿಲ್ಲ.

ಇವತ್ತು ಅದೇನು ಮನಸ್ಸು ಬಂತೋ, ಹಳೆಯದನ್ನೇ ತೆಗೆದು ಮೊದಲಿನಿಂದ ಓದಿದಳು. ಆಮೇಲೆ ಒಂದೇ ಕೂಗು: "ಅಜ್ಜೀ! ವಿಂಡೋನ ತೋರ್ಸಿ ನಿಲ್ಲಿಸೋ ಕೊನೇ ಸಾಲೇ ಇಲ್ಲ ಕಣಜ್ಜಿ! ನಾನು ಬರ್ದೇ ಇಲ್ಲ, ಎಂಥಾ ದಡ್ಡಿ ನೋಡು!"

ಗೆದ್ದ ಗಳಿಗೆಯಲ್ಲೂ ದಡ್ಡಿ ತಾನೇ ಅಂದುಕೊಂಡಳು. ನಾನು ಶಾವಿಗೆ ಪಾಯಸಕ್ಕೆ ಇಟ್ಟೆ. ಸಂಜೆ ನಾಲ್ವರೂ ಊಟಕ್ಕೆ ಕೂತಾಗ ಹೇಳಿದೆ.

"ನೀನು ಬರ್ದಿದ್ದೆ ಕಂದ. ಅಳಿಸ್ದೋಳು ನಾನು."

ಅವಳ ಕೈ ತಟ್ಟೆಯಲ್ಲೇ ನಿಂತಿತು. "ಗೊತ್ತಿದ್ದೂ ಸುಮ್ನಿದ್ಯಾ ಅಜ್ಜಿ?"

"ಹೂಂ."

ಎಲ್ಲರೂ ಉಂಡೆವು. ಬಿಂದು ನನ್ನ ಮುಖ ನೋಡಲಿಲ್ಲ. ನೋಡೆಂದು ಕೇಳುವ ಹಕ್ಕು ನನಗಿಲ್ಲ. ಪಾಯಸ ಬಡಿಸಲು ಬಗ್ಗಿದಾಗ—ಅವಳು ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ, ಅಷ್ಟೆ.